ಮಳೆಗೆ ಎದುರಾಗಿ ಒಂದು ಪಯಣ

ಜುಲೈ ತಿಂಗಳಲ್ಲಿ ಗದಗದಿಂದ ಕುಮಟೆಗೆ ಹೊರಟ ಬಂಡಿಯಲ್ಲಿ ನಿಮಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತೆನ್ನಿ. ಮಲಗಲು ಹಾಸಿಗೆ, ಚಹಾ ಕಾಸಲು ಒಲೆ, ಕುಡಿಯಲು ನೀರು ಎಲ್ಲವೂ ಒಳಗೇ ಇರುವ ಕ್ಯಾರವಾನ್ ಆದರಂತೂ ಬಹಳ ಒಳ್ಳೆಯದು. ಬೇಕೆಂದಲ್ಲಿ ನಿಲ್ಲಿಸಿ, ಇಳಿದು, ಮಣ್ಣು ಮುಟ್ಟಿ, ಎಲೆ ಎತ್ತಿ ನೋಡಬಹುದು. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಶಿರಸಿ, ಸಿದ್ದಾಪುರ ದಾಟಿ ದೊಡ್ಮನೆ. ಅಲ್ಲಿಂದ ಘಟ್ಟ ಇಳಿದರೆ ಕುಮಟೆಯ ಕಡಲು. ಎಲ್ಲ ಸೇರಿ ಮುನ್ನೂರು ಕಿಲೋಮೀಟರಿನ ಆಸುಪಾಸು.

ಇಷ್ಟು ಸಣ್ಣ ದಾರಿಯ ಒಂದು ತುದಿಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಇನ್ನೊಂದು ತುದಿಯಲ್ಲಿ ಸುಮಾರು 3,500 ಮಿಲಿಮೀಟರ್. ಈ ಲೆಕ್ಕ ಎಷ್ಟು ದೊಡ್ಡದು ಗೊತ್ತೇ? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಸೂರು ಗದಗದಲ್ಲಿದ್ದರೆ ಅದರ ಮೇಲೆ ವರ್ಷಕ್ಕೆ 60 ಸಾವಿರ ಲೀಟರ್ ಬೀಳುತ್ತದೆ. ಅದೇ ಸೂರು ಕುಮಟೆಯಲ್ಲಿದ್ದರೆ ಮೂರೂವರೆ ಲಕ್ಷ ಲೀಟರ್!

ಹಾಗಾದರೆ ಮನೆಗಳು ಒಂದೇ ಥರ ಇರಲು ಸಾಧ್ಯವೇ? ಗದಗದ ಕಡೆಯ ಹಳೆಯ ಮನೆಗಳನ್ನು ನೋಡಿ. ಮಣ್ಣಿನ ಮಾಳಿಗೆ, ಚಪ್ಪಟೆ ಸೂರು. ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಬೇಸಿಗೆಯ ರಾತ್ರಿ ಮಲಗುತ್ತಾರೆ. ಸಿದ್ದಾಪುರ ಮುಟ್ಟುವ ಹೊತ್ತಿಗೆ ಸೂರುಗಳು ಇಳಿಜಾರಾಗಿ, ಹೆಂಚು ಹೊದ್ದು, ಗೋಡೆಗಳನ್ನು ನೆನೆಯಗೊಡದಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ. ಊರಿನ ಮಳೆ ಎಷ್ಟೆಂದು ಕೇಳಬೇಕಿಲ್ಲ, ಸೂರು ನೋಡಿದರೆ ಸಾಕು.

ಗದಗ ಬಿಡುವ ಮುಂಚೆ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಗಮನಿಸಿ. ಆಕಾಶದಲ್ಲಿ ಮೋಡ ಓಡುತ್ತಿದೆ, ಗಾಳಿ ಜೋರಾಗಿದೆ, ಮಳೆ ಮಾತ್ರ ಹನಿಯಷ್ಟೇ. ಆ ಗಾಳಿ ಬರುತ್ತಿರುವುದು ಪಶ್ಚಿಮದ ಕಡಲಿನಿಂದ, ಅಂದರೆ ನಾವು ಹೋಗಬೇಕಾದ ದಿಕ್ಕಿನಿಂದಲೇ. ಹೊರಟಾಗ ಅದರ ತುಂಬ ನೀರಿತ್ತು. ಆ ನೀರನ್ನು ದಾರಿಯಲ್ಲಿ ಎಲ್ಲಿ ಇಳಿಸಿತು? ಗಾಳಿಗೆ ಎದುರಾಗಿ ಹೋಗುತ್ತಾ ಅದನ್ನೇ ಹುಡುಕೋಣ.

ಹುಬ್ಬಳ್ಳಿಯವರೆಗೆ ಎರೆ ಹೊಲಗಳು, ರಸ್ತೆ ಬದಿಗೆ ಜಾಲಿ, ಬೇವು. ಜಾಲಿಯ ಎಲೆ ಎಷ್ಟು ಚಿಕ್ಕದು ನೋಡಿ, ಉಗುರಿನ ಮೇಲೆ ಹಲವಾರು ಕೂರುತ್ತವೆ. ಎಲೆ ಚಿಕ್ಕದಾದರೆ ಬಿಸಿಲಿಗೆ ಬೇಗ ಕಾಯುವುದಿಲ್ಲ, ನೀರೂ ಕಡಿಮೆ ಆರುತ್ತದೆ. ಕಲಘಟಗಿ ದಾಟಿ ಕಿರವತ್ತಿಯ ಕಡೆ ಬಂದರೆ ತೇಗದ ಕಾಡು. ತೇಗದ ಎಲೆ ಮೊರದಗಲ! ನೀರು ಉಳಿಸಲು ಈ ಮರದ ಉಪಾಯ ಬೇರೆ: ಮಳೆಗಾಲದಲ್ಲಿ ಅಗಲ ಎಲೆ ಬಿಟ್ಟು ಬೇಕಾದಷ್ಟು ಆಹಾರ ಮಾಡಿಕೊಳ್ಳುತ್ತದೆ, ಬೇಸಿಗೆ ಬಂದಾಗ ಎಲ್ಲ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಯಲ್ಲಾಪುರದಿಂದ ಮುಂದೆ ಹೋದಂತೆ ಉದುರಿಸುವ ಮರಗಳು ಕಡಿಮೆಯಾಗಿ, ವರ್ಷವಿಡೀ ಹಸಿರಾಗಿರುವ ಮರಗಳು ಹೆಚ್ಚುತ್ತವೆ. ಅವುಗಳಲ್ಲಿ ಬಹಳಷ್ಟರ ಎಲೆಯ ತುದಿ ಚೂಪಾಗಿ, ಬಾಲದಂತೆ ಉದ್ದವಾಗಿರುತ್ತದೆ. ಮಳೆನೀರು ಆ ತುದಿಯಿಂದ ಬೇಗ ಜಾರಿಹೋಗಲು ಅದು ಅನುಕೂಲ. ಎಲೆಯ ಮೇಲೆ ನೀರು ನಿಂತೇ ಇದ್ದರೆ ಪಾಚಿ, ಬೂಷ್ಟು ಬೆಳೆದು ಬಿಸಿಲು ಮರೆಯಾಗುತ್ತದೆ.

ಶಿರಸಿಯಲ್ಲಿ ಬಂಡಿ ನಿಲ್ಲಿಸಲೇಬೇಕು. ಊರೊಳಗಿನ ಶಂಕರ ಹೊಂಡವನ್ನು ಅಘನಾಶಿನಿ ನದಿಯ ಮೂಲ ಎನ್ನುತ್ತಾರೆ. ಅದು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ. ಅದೇ ತಾಲೂಕಿನ ಬನವಾಸಿಯ ಪಕ್ಕದಲ್ಲಿ ವರದಾ ನದಿ ಇದೆ. ಅದು ಪೂರ್ವಕ್ಕೆ ಹೋಗಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿ, ಎರಡು ಕಡಲು! ಆ ತುಂಗಭದ್ರೆ ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಗಾಳಿ ಗದಗದವರೆಗೆ ಹೊತ್ತು ತರಲಾಗದ ನೀರಿನಲ್ಲಿ ಒಂದು ಪಾಲನ್ನು ನದಿ ತಂದುಕೊಡುತ್ತದೆ. ಈ ಪಯಣದಲ್ಲಿ ನನಗೆ ಅತ್ಯಂತ ಪ್ರೀತಿಯ ಸಂಗತಿ ಇದು.

ಸಿದ್ದಾಪುರದಿಂದ ಕುಮಟೆಯ ದಾರಿ ಹಿಡಿದರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು, ಮತ್ತೆ ತೋಟ. ಜುಲೈಯಲ್ಲಾದರೆ ಅಡಿಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟಿರುವುದು ಕಾಣುತ್ತದೆ. ಎಡೆಬಿಡದ ಮಳೆಯಲ್ಲಿ ಕಾಯಿಗೆ ಕೊಳೆರೋಗ ಬರುತ್ತದೆ, ನೀರು ತಾಗದಿದ್ದರೆ ಅದು ಹರಡಲಾರದು. ಹಾಗಾಗಿ ಕೊನೆಗೂ ಒಂದು ಕೊಡೆ. ಹೀಗೆ ಬರುವುದೇ ದೊಡ್ಮನೆಗೆ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಹುಟ್ಟೂರು ಎಂದು ದೊಡ್ಡವರು ಇದನ್ನು ಬಲ್ಲರು. ನಾವು ಹುಡುಕಿ ಬಂದದ್ದು ಮಾತ್ರ ಇದರ ಪಶ್ಚಿಮಕ್ಕೆ ಇಳಿಯುವ ಘಟ್ಟವನ್ನು. ಗಾಳಿಯ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಈ ಇಳಿಜಾರಿನಲ್ಲೇ ಇದೆ.

ಅರಬ್ಬೀ ಸಮುದ್ರದ ಮೇಲಿಂದ ಬರುವ ಬೆಚ್ಚಗಿನ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ. ಕಣ್ಣಿಗೆ ಕಾಣದು. ಸಹ್ಯಾದ್ರಿ ಅಡ್ಡ ಬಂದಾಗ ಗಾಳಿ ಮೇಲೇರದೆ ಬೇರೆ ದಾರಿಯಿಲ್ಲ. ಮೇಲೇರಿದಂತೆ ಸುತ್ತಲಿನ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಂಪಾಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದಾಗ ಹೊರಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುವುದು ಇದೇ ಕಾರಣಕ್ಕೆ. ತಂಪಾದ ಗಾಳಿಯಲ್ಲಿ ಅಷ್ಟೊಂದು ಆವಿ ಉಳಿಯಲಾರದು. ಧೂಳು, ಕಡಲಿನ ಉಪ್ಪು ಇವುಗಳ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಮೇಲೆ ಅದು ನೀರಾಗಿ ಕೂರುತ್ತದೆ. ಅಂಥ ಕೋಟಿ ಕೋಟಿ ಹನಿಗಳ ಗುಂಪೇ ಮೋಡ. ಹನಿಗಳು ಒಂದಕ್ಕೊಂದು ಕೂಡಿ ಭಾರವಾದಾಗ ಮಳೆ. ಇಲ್ಲಿ ಅದು ದಿನಗಟ್ಟಲೆ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋದ ಗಾಳಿಯಲ್ಲಿ ನೀರು ಕಡಿಮೆ. ತುಸು ಕೆಳಗಿಳಿದಾಗ ಅದು ಮತ್ತೆ ಬಿಸಿಯಾಗುತ್ತದೆ, ಮೋಡ ತೆಳುವಾಗುತ್ತದೆ. ಗದಗದ ಮೇಲೆ ಉಳಿದದ್ದು ಬೀಸುವ ಬಲ ಮಾತ್ರ. ಬೆಟ್ಟದ ಹಿಂದಿನ ಇಂಥ ಒಣ ನಾಡನ್ನು ಮಳೆನೆರಳಿನ ಪ್ರದೇಶ ಎನ್ನುತ್ತಾರೆ.

ಇಂಥದೇ ದಾರಿ ಬೇರೆಡೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಜನ ಕ್ಯಾರವಾನ್ ಕಟ್ಟಿಕೊಂಡು ನಡುನಾಡಿನ ಆಲಿಸ್ ಸ್ಪ್ರಿಂಗ್ಸ್‌ನಿಂದ ಈಶಾನ್ಯ ಕರಾವಳಿಯ ಕೇರ್ನ್ಸ್‌ವರೆಗೆ ಹೋಗುತ್ತಾರೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ 300 ಮಿಲಿಮೀಟರಿಗೂ ಕಡಿಮೆ ಮಳೆ, ಕೇರ್ನ್ಸ್‌ನಲ್ಲಿ ಸುಮಾರು 2,000. ಅಲ್ಲಿ ತೇವದ ಗಾಳಿ ಪೂರ್ವದ ಕಡಲಿನಿಂದ ಬರುತ್ತದೆ, ಬೆಟ್ಟಸಾಲೂ ಪೂರ್ವಕ್ಕೇ ಇದೆ. ನಮ್ಮದನ್ನು ಕನ್ನಡಿಯಲ್ಲಿ ನೋಡಿದ ಹಾಗೆ! ಆದರೆ ಆ ದಾರಿ ಎರಡು ಸಾವಿರ ಕಿಲೋಮೀಟರಿಗೂ ಉದ್ದ. ಅದೇ ಪಾಠವನ್ನು ನಾವು ಒಂದು ಹಗಲಿನಲ್ಲಿ ಓದಿ ಮುಗಿಸಬಹುದು.

ಘಟ್ಟ ಇಳಿಯುವ ಮೊದಲು ಒಂದು ಕೆಲಸ ಮಾಡಿ. ತೆಳುವಾದ ಖಾಲಿ ನೀರಿನ ಬಾಟಲಿಯ ಮುಚ್ಚಳ ತೆಗೆದು, ಮತ್ತೆ ಬಿಗಿಯಾಗಿ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ತಿರುವು ತಿರುವಾಗಿ ಇಳಿಯುವಾಗ ಕಿವಿ ಗುಂಯ್ ಎನ್ನುತ್ತದೆ. ಉಗುಳು ನುಂಗಿದರೆ ಸರಿಹೋಗುತ್ತದೆ. ಕೆಳಗೆ ಬಂದ ಮೇಲೆ ಬಾಟಲಿ ನೋಡಿ, ಯಾರೂ ಹಿಚುಕದೆಯೇ ಅದರ ಹೊಟ್ಟೆ ಒಳಸರಿದಿರುತ್ತದೆ. ಒಳಗಿರುವುದು ಘಟ್ಟದ ಮೇಲಿನ ಗಾಳಿ, ಹೊರಗೆ ಒತ್ತುತ್ತಿರುವುದು ಕರಾವಳಿಯ ಗಾಳಿ. ನಾವು ಇಳಿದಷ್ಟೂ ಎತ್ತರದ ಗಾಳಿಯ ಭಾರ ಹೆಚ್ಚುವರಿಯಾಗಿ ಅದರ ಮೇಲೆ ಕುಳಿತಿದೆ. ಮೋಡ ಹುಟ್ಟಲು ಕಾರಣವಾದ ಆ ಒತ್ತಡದ ವ್ಯತ್ಯಾಸ ಈಗ ನಿಮ್ಮ ಕೈಯಲ್ಲೇ ಇದೆ. (ಬಾಟಲಿಯನ್ನು ದಯವಿಟ್ಟು ಕಾಡಿಗೆ ಎಸೆಯಬೇಡಿ.)

ಇಳಿದು ಬಂದ ಘಟ್ಟದ ಕಾಡುಗಳಲ್ಲಿ ಸಿಂಗಳೀಕ ಎಂಬ ಕೋತಿ ಇದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಬೇರೆಲ್ಲೂ ಅದು ಕಾಡಿನಲ್ಲಿ ಬದುಕಿಲ್ಲ. ಬಹುಪಾಲು ಮರದ ಮೇಲೆಯೇ ಅದರ ಬಾಳು. ವರ್ಷದ ಎಲ್ಲ ತಿಂಗಳೂ ಒಂದಲ್ಲ ಒಂದು ಮರದಲ್ಲಿ ಹಣ್ಣಿರಬೇಕು, ಕೊಂಬೆಗೆ ಕೊಂಬೆ ತಾಗಿರಬೇಕು. ಅಂಥ ಕಾಡಿಗೆ ಈ ಮಳೆಯೇ ಬೇಕು. 2011ರಲ್ಲಿ ಸರ್ಕಾರ ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ಒಂದು ಅಗಲ ರಸ್ತೆ ಕೊಂಬೆಗಳ ನಂಟು ಕಡಿದರೂ ಸಿಂಗಳೀಕಕ್ಕೆ ಅದು ದಾಟಲಾಗದ ಹೊಳೆ. ಹಾಗಾಗಿ ಘಟ್ಟದಲ್ಲಿ ಬಂಡಿ ನಿಧಾನ ಓಡಲಿ.

ಕುಮಟೆಯ ಬಳಿ ಅಘನಾಶಿನಿ ಮತ್ತೆ ಸಿಗುತ್ತಾಳೆ, ಈಗ ಅಗಲವಾದ ಅಳಿವೆಯಾಗಿ. ಶಿರಸಿಯಿಂದ ಇಲ್ಲಿಯವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬಂದ ಸಿಹಿನೀರು, ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಏರಿ ಬರುವ ಉಪ್ಪುನೀರು, ಎರಡೂ ಇಲ್ಲಿ ಬೆರೆಯುತ್ತವೆ. ಆ ಸವಳು ನೀರಿನಲ್ಲಿ ಕಾಂಡ್ಲಾ ಗಿಡಗಳು, ಬಳಚು, ಏಡಿ, ಮೀನು. ಈ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ತಾಗಿದರೂ, ನೆರೆ ಬಂದು ಕೆಲ ದಿನ ಮುಳುಗಿದರೂ ಅದು ಸಾಯುವುದಿಲ್ಲ. ಮಳೆ ನಿಂತ ತಿಂಗಳುಗಳಲ್ಲಿ ಪಕ್ಕದ ಸಾಣಿಕಟ್ಟಾದಲ್ಲಿ ಇದೇ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗು ತಾಣಗಳ ಪಟ್ಟಿಗೆ ಸೇರಿತು. ಆಗಲೇ ಸೇರಿದ ಇನ್ನೊಂದು ತಾಣ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬೀಡು ಅದು. ನೀರು ಹೇರಳವಾಗಿರುವ ಕಡೆಯದಕ್ಕೂ, ನೀರು ಅಪರೂಪವಾದ ಕಡೆಯದಕ್ಕೂ ಒಂದೇ ಮರ್ಯಾದೆ ಸಿಕ್ಕಿದ್ದು ಸರಿಯಾಗಿಯೇ ಇದೆ.

ಈ ದಾರಿಯಲ್ಲಿ ಹೋಗಲಾಗದವರು ಮನೆಯಂಗಳದಲ್ಲೇ ಮಳೆ ಅಳೆಯಬಹುದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿಯೊಂದನ್ನು ಮರ, ಸೂರು ಎರಡರಿಂದಲೂ ದೂರ ಬಯಲಲ್ಲಿಡಿ. ಬಿದ್ದ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು, ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಗದಗದಲ್ಲೋ ಹುಬ್ಬಳ್ಳಿಯಲ್ಲೋ ಸಿದ್ದಾಪುರದಲ್ಲೋ ಇರುವ ಗೆಳೆಯರಿಗೂ ಹೇಳಿ, ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಿನವೂ ಬೆಳಿಗ್ಗೆ 8:30ಕ್ಕೆ ಅಳೆಯಿರಿ. ಭಾರತದ ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಅವರು ಮಳೆಯ ದಿನವೆಂದು ಎಣಿಸುತ್ತಾರೆ.