ಅಕೌಂಟಿಂಗ್‌ನಾಗ ಇನ್ನೇನ್ ಸಂಶೋಧನೆ ಉಳದದ?

ಬೀದರ್‌ನಿಂದ ಮಾತಾಡ್ತಿದ್ದೀನಿ. ನಡುವೆ ಆಟೋ ಹಾರ್ನ್ ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಕಿಟಕಿ ಮುಚ್ಚಿದ್ರೆ ಸೆಕೆ, ತೆಗೆದ್ರೆ ಇಡೀ ಚೌಬಾರಾ ರಸ್ತೆ ಒಳಗೆ ಬರುತ್ತೆ.

ಇವತ್ತು ಮೊದಲು ಒಂದು ತಪ್ಪು ಒಪ್ಕೋಬೇಕು. ಎರಡು ವರ್ಷದ ಹಿಂದೆ ಇದೇ ಮೈಕ್ ಮುಂದೆ ಕೂತು 'ಬಿಕಾಂ ಆದ್ಮೇಲೆ ಏನು' ಅಂತ ಒಂದು ಎಪಿಸೋಡ್ ಮಾಡಿದ್ದೆ. ಸಿಎ ಮಾಡಿ, ಬ್ಯಾಂಕ್ ಪರೀಕ್ಷೆ ಬರೀರಿ, ಟ್ಯಾಲಿ ಕಲ್ತು ಗಾಂಧಿ ಗಂಜ್‌ನಾಗ ಕೂಡ್ರಿ, ಆದ್ರೆ ಕಾಮರ್ಸ್‌ನಲ್ಲಿ ಪಿಎಚ್‌ಡಿ ಮಾತ್ರ ಬ್ಯಾಡ, ಅದು ಟೈಮ್‌ಪಾಸ್ ಅಂದಿದ್ದೆ. ನಗ್ತಾ ಅಂದಿದ್ದೆ. ಕೇಳಿದವರೂ ನಕ್ಕಿದ್ರು ಅಂತ ಕಾಮೆಂಟ್ ನೋಡಿ ಖುಷಿಪಟ್ಟಿದ್ದೆ.

ಕೇಳಿದವರಲ್ಲಿ ಕಾಲೇಜಿನಲ್ಲಿ ನನಗಿಂತ ಸೀನಿಯರ್ ಆಗಿದ್ದ ಒಬ್ಬ ಅಕ್ಕನೂ ಇದ್ರು. ಮನೆ ಭಾಲ್ಕಿ, ಕೆಲಸ ಔರಾದ್‌ನ ಕಾಲೇಜೊಂದರಲ್ಲಿ, ಅತಿಥಿ ಉಪನ್ಯಾಸಕಿ. ಹೋದ ತಿಂಗಳು ಅವರು ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದ್ರು, ಕೆಳಗೆ ವಾಯ್ಸ್ ನೋಟ್: "ತಮ್ಮಾ, ನಿನ್ನ ಆ ಎಪಿಸೋಡ್ ನಾ ಪೂರಾ ಕೇಳೀನಿ. ಆವಾಗ ನಂದು ಮೂರನೇ ಚಾಪ್ಟರ್ ನಡದಿತ್ತು. ಈಗ ಪಿಎಚ್‌ಡಿ ಮುಗದದ. ಈ ಲಿಂಕ್ ಓದಿ ಹೇಳು, ಅರ್ಜಿ ಹಾಕ್ಲೋ ಬ್ಯಾಡೋ. ಟೈಮ್‌ಪಾಸ್ ಅನ್ನಬ್ಯಾಡ."

ಲಿಂಕ್ ಜರ್ಮನಿಯ ಒಂದು ಬಿಸಿನೆಸ್ ಸ್ಕೂಲಿನದು. ಅಕೌಂಟಿಂಗ್ ವಿಭಾಗದಲ್ಲಿ ಪೋಸ್ಟ್‌ಡಾಕ್ಟರಲ್ ಸಂಶೋಧಕರ ಹುದ್ದೆ, ಎರಡು ವರ್ಷ, ಸಂಬಳ ಇದೆ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಪೋಸ್ಟ್‌ಡಾಕ್ ಅಂದ್ರೆ ಲ್ಯಾಬ್‌ನಲ್ಲಿ ಬಿಳಿ ಕೋಟು ಹಾಕ್ಕೊಂಡವರಿಗೆ ಅನ್ಕೊಂಡಿದ್ದೆ. ಡೆಬಿಟ್ ಕ್ರೆಡಿಟ್‌ಗೆ ಲ್ಯಾಬ್ ಎಲ್ಲಿ?

ಓದ್ತಾ ಹೋದಾಗ ಗೊತ್ತಾಯ್ತು. ಪಿಎಚ್‌ಡಿ ಮುಗಿದ ಮೇಲೆ, ಖಾಯಂ ಪ್ರೊಫೆಸರ್ ಹುದ್ದೆಗೆ ಮೊದಲು, ಬರೀ ಸಂಶೋಧನೆ ಮಾಡ್ತಾ ಪೇಪರ್ ಬರೆಯೋ ಕಾಲ ಅದು. ಅಕೌಂಟಿಂಗ್‌ನಲ್ಲಿ ಇದು ಸ್ವಲ್ಪ ಅಪರೂಪ. ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಅಕೌಂಟಿಂಗ್ ಪಿಎಚ್‌ಡಿ ಆದವರು ಸಾಮಾನ್ಯವಾಗಿ ಸೀದಾ ಅಸಿಸ್ಟೆಂಟ್ ಪ್ರೊಫೆಸರ್ ಆಗ್ತಾರೆ. ಯುರೋಪಿನಲ್ಲಿ ದೊಡ್ಡ ಯೋಜನೆಗಳ ದುಡ್ಡಲ್ಲಿ ಪೋಸ್ಟ್‌ಡಾಕ್ ಹುದ್ದೆಗಳು ಹುಟ್ಟುತ್ತವೆ. ಜರ್ಮನಿಯಲ್ಲೇ 2019ರಲ್ಲಿ ಶುರುವಾದ 'ಅಕೌಂಟಿಂಗ್ ಫಾರ್ ಟ್ರಾನ್ಸ್‌ಪರೆನ್ಸಿ' ಅನ್ನೋ ಯೋಜನೆ ಇದೆ. ಪಾಡರ್‌ಬಾರ್ನ್, ಬರ್ಲಿನ್‌ನ ಹಂಬೋಲ್ಟ್, ಮನ್‌ಹೈಮ್ ವಿಶ್ವವಿದ್ಯಾಲಯಗಳು ಸೇರಿ ನಡೆಸೋದು, ಸರ್ಕಾರದ ಸಂಶೋಧನಾ ಹಣದಲ್ಲಿ. ನಮ್ಮಲ್ಲೂ ಐಸಿಎಸ್‌ಎಸ್‌ಆರ್ ಸಮಾಜ ವಿಜ್ಞಾನದವರಿಗೆ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಕೊಡುತ್ತೆ, ಕಾಮರ್ಸ್ ಮ್ಯಾನೇಜ್‌ಮೆಂಟ್ ಅದರೊಳಗೇ ಬರುತ್ತೆ. ಬಿಕಾಂನ ಮೂರು ವರ್ಷದಲ್ಲಿ ಇದನ್ನ ನನಗೆ ಒಬ್ಬರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಭಾನುವಾರ ಭಾಲ್ಕಿಗೆ ಹೋದೆ. ಅಕ್ಕನ ಅಪ್ಪ ಅಡತ್ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ಮುನೀಮ. ತೊಗರಿ, ಸೋಯಾ, ಉದ್ದು, ಹೆಸರು, ಯಾವ ರೈತನ ಎಷ್ಟು ಚೀಲ, ಯಾರಿಗೆ ಎಷ್ಟು ಉಚಲ್ ಕೊಟ್ಟದ್ದು, ಎಲ್ಲ ಕೆಂಪು ರಟ್ಟಿನ ವಹಿಯಲ್ಲಿ. ಅಂಗಡಿಗೆ ಕಂಪ್ಯೂಟರ್ ಬಂದಿದೆ, ಆದ್ರೂ ವಹಿ ಬಿಟ್ಟಿಲ್ಲ, ದೀಪಾವಳಿಗೆ ಪೂಜೆ ಅದಕ್ಕೇ.

ನಾನು ವಿಷಯ ಹೇಳಿದೆ. ಕಾಕಾ ಚಹಾದ ಬಶಿ ಕೆಳಗಿಟ್ಟು ಕೇಳಿದ್ರು: "ಅಲ್ಲೋ, ಅಕೌಂಟಿಂಗ್‌ನಾಗ ಇನ್ನೇನ್ ಸಂಶೋಧನೆ ಉಳದದ? ಬಂದದ್ದು ಜಮಾ, ಹೋದದ್ದು ನಾಂವೆ. ಜಮಾ ಎಡಕ್ಕ, ನಾಂವೆ ಬಲಕ್ಕ. ಅದ್ಕ ಜರ್ಮನಿಗಿ ಯಾಕ ಹೋಗ್ಬೇಕ?"

ಇಲ್ಲಿ ಒಂದು ಸಣ್ಣ ವಿಷಯ. ನಾವು ಬಿಕಾಂನಲ್ಲಿ ಕಲಿತದ್ದು ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಹಳೇ ದೇಶಿ ಲೆಕ್ಕದ ವಹಿಯಲ್ಲಿ ಉಲ್ಟಾ, ಜಮಾ ಎಡಕ್ಕೆ ಬರುತ್ತೆ. ಅಕ್ಕ ಸಣ್ಣಾಕೆ ಇದ್ದಾಗ ಅಪ್ಪನ ವಹಿ ನೋಡಿ ಕಲಿತು, ಪಿಯುಸಿಯ ಮೊದಲ ಟೆಸ್ಟ್‌ನಲ್ಲಿ ಪೂರ್ತಿ ಲೆಡ್ಜರ್ ತಿರುವಿ ಬರೆದು ಸೊನ್ನೆ ತಗೊಂಡಿದ್ರಂತೆ. ಬ್ಯಾಲೆನ್ಸ್ ಮಾತ್ರ ಸರಿ ಬಂದಿತ್ತಂತೆ.

ಕಾಕಾನ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಅಕ್ಕನ ಹತ್ರ ಇತ್ತು. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

1968ರಲ್ಲಿ ರೇ ಬಾಲ್, ಫಿಲಿಪ್ ಬ್ರೌನ್ ಅನ್ನೋ ಇಬ್ಬರು ಒಂದು ಪೇಪರ್ ಬರೆದ್ರು. ಅದುವರೆಗೆ ಅಕೌಂಟಿಂಗ್ ಪಂಡಿತರೆಲ್ಲ ಲಾಭವನ್ನ ಹೇಗೆ ಲೆಕ್ಕ ಹಾಕಬೇಕು ಅಂತ ಜಗಳ ಆಡ್ತಿದ್ರು. ಇವರಿಬ್ಬರು ಕೇಳಿದ ಪ್ರಶ್ನೆ ಬೇರೆ. ಈ ಲಾಭದ ಸಂಖ್ಯೆಯಿಂದ ಯಾರಿಗಾದ್ರೂ ಉಪಯೋಗ ಇದೆಯಾ? ಅಮೆರಿಕದ 261 ಕಂಪನಿಗಳ ಲಾಭ, ಶೇರು ಬೆಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. ಲಾಭದ ಸಂಖ್ಯೆಗೂ ಬೆಲೆಗೂ ಸಂಬಂಧ ಇದೆ, ಆದ್ರೆ ಸಂಖ್ಯೆ ಪ್ರಕಟ ಆಗೋ ಹೊತ್ತಿಗೆ ಅದರೊಳಗಿನ ಬಹುಪಾಲು ಸುದ್ದಿ ಮಾರುಕಟ್ಟೆಗೆ ಮೊದಲೇ ಗೊತ್ತಾಗಿರುತ್ತೆ ಅಂತ ಸಿಕ್ತು. ಮಜಾ ಅಂದ್ರೆ, ಒಂದು ದೊಡ್ಡ ಅಕೌಂಟಿಂಗ್ ಪತ್ರಿಕೆ ಈ ಪೇಪರನ್ನ ಇದು ಅಕೌಂಟಿಂಗೇ ಅಲ್ಲ ಅಂತ ವಾಪಸ್ ಕಳಿಸಿತ್ತು. ಆಮೇಲೆ 'ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್'ನಲ್ಲಿ ಬಂತು. ಈಗ ಆ ವಿಷಯದ ಪಿಎಚ್‌ಡಿ ಹುಡುಗರು ಮೊದಲು ಓದೋ ಪೇಪರುಗಳಲ್ಲಿ ಅದೂ ಒಂದು.

ಇದನ್ನ ಅಕ್ಕ ಅಪ್ಪನಿಗೆ ಹೇಳಿದ ರೀತಿ ಕೇಳಿ. "ಅಪ್ಪಾ, ದೀಪಾವಳಿಗಿ ನಿಮ್ ಸೇಠ್ ವಹಿ ಮುಚ್ಚಿ ಈ ವರ್ಷ ಇಷ್ಟು ಲಾಭ ಅಂತಾನ. ಅದ್ಕಿಂತ ಮೊದಲೇ ಓಣಿಯವ್ರಿಗಿ ಗೊತ್ತಿರ್ತದೋ ಇಲ್ಲೋ?"

ಕಾಕಾ ನಕ್ರು. "ಎಷ್ಟು ಲಾರಿ ಬಂದವ, ಎಷ್ಟು ಹೋದವ, ಎಲ್ಲಾರೂ ಎಣಿಸ್ಕೋತ ಕುಂತಿರ್ತಾರ. ಸೇಠ್ ಹೇಳೋದ್ರಾಗ ಏನದ?"

"ಹೌದಲ? ಹಂಗಾರ ಸೇಠ್ ಹೇಳೋದ್ರಾಗ ಹೊಸದು ಎಷ್ಟದ, ಹಳೇದು ಎಷ್ಟದ, ಸುಳ್ಳು ಎಷ್ಟದ. ಅದೇ ನಮ್ ಸಂಶೋಧನೆ."

ಸುಳ್ಳಿನ ವಿಷಯ ಬಂದಾಗ ನನಗೆ ಸತ್ಯಂ ನೆನಪಾಯ್ತು. 2009ರ ಜನವರಿ 7. ನಮಗೆ ಹತ್ತಿರದ ಮಹಾನಗರ ಹೈದರಾಬಾದ್, ಬೆಂಗಳೂರಲ್ಲ. ಅಲ್ಲಿ ರಾಮಲಿಂಗ ರಾಜು ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡಿದ್ದು. ಜಮಾ ಎಡಕ್ಕೋ ಬಲಕ್ಕೋ, ಬ್ಯಾಲೆನ್ಸ್ ಶೀಟ್ ಮಾತ್ರ ಪ್ರತಿ ವರ್ಷ ಸರಿಯಾಗಿ ತಾಳೆಯಾಗ್ತಿತ್ತು.

ಸರಿ, ವಿಷಯ ಕೇಳೋಕೆ ಚೆಂದ. ಅರ್ಜಿ ಹಾಕೋಕೆ ಕೂತಾಗ ಬೆವರು ಬಂತು. ಜಾಹೀರಾತಿನಲ್ಲಿ ಕೇಳಿದ್ದು: ಒಂದು ಸ್ವಂತ ಪೇಪರ್, ಅಂಕಿಅಂಶದ ವಿಧಾನಗಳಲ್ಲಿ ಪಳಗಿದ ಕೈ, ಸ್ಟಾಟಾ ಅಥವಾ ಆರ್ ಸಾಫ್ಟ್‌ವೇರ್, ಎರಡು ಪುಟದ ಸಂಶೋಧನಾ ಪ್ರಸ್ತಾವ, ಇಬ್ಬರ ಶಿಫಾರಸು ಪತ್ರ. ಅಕ್ಕನ ಥೀಸಿಸ್ ನಮ್ಮ ಜಿಲ್ಲೆಯ ಮಹಿಳಾ ಸ್ವಸಹಾಯ ಗುಂಪುಗಳ ಲೆಕ್ಕಪತ್ರದ ಮೇಲೆ. ಬೀದರ್ ಡಿಸಿಸಿ ಬ್ಯಾಂಕ್ ಹಳ್ಳಿ ಸೊಸೈಟಿಗಳ ಮೂಲಕ ಈ ಗುಂಪುಗಳಿಗೆ ಸಾಲ ಕೊಟ್ಟದ್ದು ಸಹಕಾರಿ ವಲಯದಲ್ಲಿ ಹೆಸರಾದ ಕೆಲಸ, ಓದೋಕೆ ಬೇಕಾದಷ್ಟಿದೆ. ಅಕ್ಕ ಔರಾದ್ ತಾಲೂಕಿನ ಹಳ್ಳಿ ಹಳ್ಳಿ ತಿರುಗಿದ್ದಾರೆ, ಕನ್ನಡ, ಮರಾಠಿ ಎರಡರಲ್ಲೂ ಪ್ರಶ್ನಾವಳಿ ತುಂಬಿಸಿದ್ದಾರೆ. ಆದ್ರೆ ಕೊನೆಗೆ ಥೀಸಿಸ್‌ನಲ್ಲಿ ಬಂದದ್ದೇನು? ಶೇಕಡಾವಾರು ಕೋಷ್ಟಕ, ಒಂದು ಕೈ-ಸ್ಕ್ವೇರ್ ಪರೀಕ್ಷೆ. ನಮ್ಮ ಕಡೆಯ ಬಹಳಷ್ಟು ಕಾಮರ್ಸ್ ಥೀಸಿಸ್ ಹಾಗೇ ಇರ್ತಾವೆ, ಇದ್ದದ್ದು ಇದ್ದ ಹಾಗೆ ಹೇಳಬೇಕು. ನಾನು 'ಟೈಮ್‌ಪಾಸ್' ಅಂದದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಆ ಮಾತಿನಿಂದ ನಾನು ಬೈದದ್ದು ಯಾರಿಗೆ? ಕಲಿಸದೇ ಇದ್ದವರಿಗಲ್ಲ, ಬಿಸಿಲಲ್ಲಿ ತಿರುಗಿದವರಿಗೆ.

ಪ್ರಸ್ತಾವ ಹುಟ್ಟಿದ್ದು ಥೀಸಿಸ್‌ನಲ್ಲಿ ಬರೆಯದೇ ಬಿಟ್ಟ ಒಂದು ಸಂಗತಿಯಿಂದ. ಹಳ್ಳಿ ಸೊಸೈಟಿ, ಅಂದ್ರೆ ಪಿಕೆಪಿಎಸ್‌ಗಳಲ್ಲಿ, ಲೆಕ್ಕ ಬಹುಕಾಲ ಕಾರ್ಯದರ್ಶಿಯ ಕೈಬರಹದಲ್ಲಿತ್ತು. ಸಾಲದ ಗಡುವು ಬಂದ ದಿನ ಹಳೇ ಸಾಲ ತೀರಿತು ಅಂತ ಬರೆದು, ಅದೇ ದಿನ ಹೊಸ ಸಾಲ ಕೊಟ್ಟಂಗೆ ಬರೆಯೋದು ಎಷ್ಟೋ ಕಡೆ ರೂಢಿ. ದುಡ್ಡು ಕೈ ಬದಲಾಗೋದೇ ಇಲ್ಲ, ಪುಸ್ತಕದಲ್ಲಿ ಮಾತ್ರ ಬಾಕಿ ಮಾಯ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ ಸುಮಾರು 63,000 ಇಂಥ ಸಂಘಗಳನ್ನ 2,516 ಕೋಟಿ ರೂಪಾಯಿಯಲ್ಲಿ ಕಂಪ್ಯೂಟರೀಕರಣ ಮಾಡೋಕೆ ಒಪ್ಪಿತು. ಎಲ್ಲ ಸಂಘಕ್ಕೂ ಒಂದೇ ದಿನ ಕಂಪ್ಯೂಟರ್ ಬರಲ್ಲ. ಒಂದಕ್ಕೆ ಈ ವರ್ಷ, ಪಕ್ಕದ್ದಕ್ಕೆ ಮುಂದಿನ ವರ್ಷ.

ಇದರಲ್ಲೇ ಅಕ್ಕನ ಐಡಿಯಾ. ಮಾತಿಗೆ ಹೇಳ್ತೀನಿ, ಇದು ನಿಜವಾದ ಅಂಕಿ ಅಲ್ಲ. ಎರಡು ಹಳ್ಳಿ, ಎರಡರಲ್ಲೂ ನೂರಕ್ಕೆ 20 ಸಾಲ ಸುಸ್ತಿ. ಕಂಪ್ಯೂಟರ್ ಬಂದ ಹಳ್ಳಿಯಲ್ಲಿ ಮುಂದಿನ ವರ್ಷ ಅದು 26 ಆಯ್ತು, ಬಾರದ ಹಳ್ಳಿಯಲ್ಲಿ 22. ಮಳೆ ಕೈಕೊಟ್ಟಿದ್ದಕ್ಕೆ ಎರಡೂ ಕಡೆ 2 ಏರಿದೆ ಅನ್ನೋಣ. ಉಳಿದ 4 ಎಲ್ಲಿಂದ ಬಂತು? ರೈತರು ಒಮ್ಮೆಲೇ ಕೆಟ್ಟವರಾದ್ರಾ, ಅಥವಾ ಮೊದಲೇ ಇದ್ದ ಬಾಕಿ ಈಗ ಕಾಣ್ತಿದೆಯಾ? ಈ ಲೆಕ್ಕದ ವಿಧಾನಕ್ಕೆ ವ್ಯತ್ಯಾಸದ ವ್ಯತ್ಯಾಸ ಅನ್ನಬಹುದು, ಅರ್ಥಶಾಸ್ತ್ರದವರು ದಿನಾ ಬಳಸ್ತಾರೆ. ಅದು ಸುಮ್ನೆ ಪಂಡಿತರ ಆಟ ಅಲ್ಲ. ಆ 4ನ್ನು ನೋಡಿ ಬ್ಯಾಂಕ್‌ನವರು ಆ ಹಳ್ಳಿಗೆ ಸಾಲ ನಿಲ್ಲಿಸಿದ್ರೆ, ಲೆಕ್ಕ ನೆಟ್ಟಗಾದದ್ದಕ್ಕೆ ಆ ಊರಿನ ಹೆಣ್ಮಕ್ಕಳ ಗುಂಪು ದಂಡ ತೆತ್ತಂಗೆ ಆಗುತ್ತೆ.

ಇದನ್ನ ಕೇಳಿದ ಮೇಲೆ ನಾನು "ಅಕ್ಕಾ, ಹಾಕು" ಅಂದೆ. ಹೇಳೋದು ನನಗೆ ಸುಲಭ.

ಅವರಿಗೆ ಸುಲಭ ಇರಲಿಲ್ಲ. ಅತಿಥಿ ಉಪನ್ಯಾಸಕರಿಗೆ ಸೇವಾ ವರ್ಷಗಳೇ ಆಸ್ತಿ, ನಡುವೆ ಎರಡು ವರ್ಷ ಬಿಟ್ಟು ವಾಪಸ್ ಬಂದ್ರೆ ಸಾಲಿನ ಹಿಂದೆ ನಿಲ್ಲಬೇಕು. 371ಜೆ ಕೆಳಗೆ ನಮ್ಮ ಭಾಗಕ್ಕೆ ಹುದ್ದೆ ಕರೆದಾಗ ಊರಲ್ಲಿರಬೇಕು, ಓದ್ತಿರಬೇಕು. ಮೇಲೆ ಇನ್ನೊಂದು: 2023ರ ಜುಲೈನಿಂದ ಯುಜಿಸಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್, ಸೆಟ್ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ ಅಂತ ಮಾಡಿತು. ಕಡ್ಡಾಯ ಆಗುತ್ತೆ ಅಂತಲೇ ಪಿಎಚ್‌ಡಿಗೆ ಸೇರಿದವರು ಅಕ್ಕ. ಇನ್ನೊಂದು ಬಸ್ಸಿಗೆ ಓಡಿ, ಅದೂ ರೂಟ್ ಬದಲಿಸಿದ್ರೆ?

ಶಿಫಾರಸು ಪತ್ರದ ಕಥೆ ಬೇರೆ. ಕೇಳೋಕೆ ಹೋದ ಒಬ್ಬ ಹಿರಿಯರು, "ನೀನೇ ಬರ್ಕೊಂಡ್ ಬಾರಮ್ಮ, ಸಹಿ ಮಾಡ್ತೀನಿ" ಅಂದ್ರು. ಪ್ರೀತಿಯಿಂದಲೇ ಅಂದ್ರು. ಆದ್ರೆ ಆ ಪೋರ್ಟಲ್ ಪತ್ರವನ್ನ ನೇರ ಅವರಿಂದಲೇ ಕೇಳುತ್ತೆ, ಅದೂ ಸಂಸ್ಥೆಯ ಇಮೇಲ್‌ನಿಂದ. ಅವರಿಗೆ ಇದ್ದದ್ದು ಜಿಮೇಲ್, ಅದರ ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಪುಣೆಯಲ್ಲಿ. ಮೂರು ದಿನ ಹೋಯ್ತು. ಕೊನೆಗೆ ಅಕ್ಕ ಬಿಸಿನೆಸ್ ಸ್ಕೂಲಿಗೇ ಮೇಲ್ ಬರೆದು ಇರೋ ವಿಷಯ ಹೇಳಿದ್ರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಜಿಮೇಲ್ ಆದ್ರೂ ನಡೆಯುತ್ತೆ, ಫೋನ್ ನಂಬರ್ ಕೊಡಿ ಸಾಕು. ಕೇಳಿದ್ರೆ ಕೊಡ್ತಾರೆ ಅಂತ ನಮಗೆ ಯಾಕೋ ಹೊಳೆಯಲ್ಲ.

ಕೊನೆಯ ದಿನ ನಾನೂ ಔರಾದ್‌ಗೆ ಹೋದೆ. ಸಂತಪುರ ದಾಟೋವರೆಗೆ ಬಸ್ಸಲ್ಲಿ ಪ್ರಸ್ತಾವದ ಇಂಗ್ಲಿಷ್ ತಿದ್ದುತ್ತಿದ್ದೆ. ಜರ್ಮನಿಯ ನಡುರಾತ್ರಿ ಅಂದ್ರೆ ಈಗ ನಮಗೆ ಬೆಳಗಿನ ಜಾವ ಮೂರೂವರೆ. ಅಕ್ಕನ ರೂಮಿನ ಮನೆ ಮಾಲೀಕರ ಹಾಲ್‌ನಲ್ಲಿ ಕೂತು, ನನ್ನ ಫೋನ್‌ನ ಹಾಟ್‌ಸ್ಪಾಟ್, ಅವರ ಹಳೇ ಲ್ಯಾಪ್‌ಟಾಪ್. ಎರಡು ಸಲ ಅಪ್‌ಲೋಡ್ ನಿಂತಿತು. ಒಂದೂಕಾಲಕ್ಕೆ ಕಾಕಾ ಭಾಲ್ಕಿಯಿಂದ ಫೋನ್ ಮಾಡಿದ್ರು. ನಿದ್ದೆ ಹತ್ತಿರಲಿಲ್ಲ ಅನಿಸುತ್ತೆ.

"ಹೋಯ್ತೇನು?"

"ಇಲ್ಲಪ್ಪ, ನೆಟ್‌ವರ್ಕ್ ಇಲ್ಲ."

"ಆ ಸೊಸೈಟಿ ಲೆಕ್ಕದ್ದು ಬರದೀ ಅಲ್ಲ, ಅದ್ರಾಗ ಹಂಗಾಮ ನೋಡು. ತೊಗರಿ ಬಂದ ಮ್ಯಾಲೆ ಕಟ್ಟವ್ರು ಬ್ಯಾರೆ, ಸೋಯಾ ಬಂದ ಮ್ಯಾಲೆ ಕಟ್ಟವ್ರು ಬ್ಯಾರೆ. ಎರಡೂ ಹಳ್ಳಿ ಒಂದೇ ಬೆಳಿ ಇದ್ದದ್ದು ತಗೋ. ಇಲ್ದಿದ್ರ ನಿನ್ ಲೆಕ್ಕ ತಪ್ತದ."

ಅಕ್ಕ ನನ್ನ ಮುಖ ನೋಡಿದ್ರು. ಪ್ರಸ್ತಾವದಲ್ಲಿ ಅದು ಇರಲಿಲ್ಲ. ಫೈಲ್ ಮತ್ತೆ ತೆಗೆದು ಎರಡನೇ ಪುಟದಲ್ಲಿ ಎರಡು ಸಾಲು ಸೇರಿಸಿದ್ರು, ಪುಟ ಮೀರಿದ್ದಕ್ಕೆ ಮೇಲಿಂದ ಮೂರು ಸಾಲು ಕಿತ್ತರು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅರ್ಜಿ ಹೋಯ್ತು. ಬೆಳಿಗ್ಗೆ ಹತ್ತಕ್ಕೆ ಅವರಿಗೆ ಬಿಕಾಂ ಎರಡನೇ ಸೆಮಿಸ್ಟರ್ ಕ್ಲಾಸಿತ್ತು. ನಾನು ಮೊದಲ ಬಸ್ಸಿಗೆ ಬೀದರ್‌ಗೆ ಬಂದೆ.

ಉತ್ತರ ಇನ್ನೂ ಬಂದಿಲ್ಲ. ಆ ಹಳೇ ಎಪಿಸೋಡ್ ನಾನು ಅಳಿಸಿಲ್ಲ, ಅಳಿಸಬ್ಯಾಡ ಅಂತ ಅಕ್ಕನೇ ಹೇಳಿದ್ರು. ಅದರ ಕೆಳಗೆ ಈ ಎಪಿಸೋಡಿನ ಲಿಂಕ್ ಹಾಕಿದ್ದೀನಿ.

ಈ ಹುದ್ದೆ ಸಿಗಲಿ ಬಿಡಲಿ, ಐಸಿಎಸ್‌ಎಸ್‌ಆರ್ ಮುಂದಿನ ಸಲ ಕರೆದಾಗ ಇದೇ ಪ್ರಸ್ತಾವ ಅಲ್ಲಿಗೂ ಹೋಗುತ್ತೆ. ಅಷ್ಟರೊಳಗೆ ಅಕ್ಕನಿಗೆ ಒಂದು ಸಹಾಯ ಬೇಕು. ಕೇಳ್ತಿರೋರಲ್ಲಿ ಯಾರ ಮನೆಯಲ್ಲಾದ್ರೂ ಪಿಕೆಪಿಎಸ್ ಕಾರ್ಯದರ್ಶಿ ಇದ್ರೆ, ನಿಮ್ಮ ಸೊಸೈಟಿಗೆ ಕಂಪ್ಯೂಟರ್ ಯಾವ ತಿಂಗಳು ಬಂತು, ಕೈಬರಹದ ವಹಿ ಯಾವ ದಿನ ನಿಂತಿತು, ಇಷ್ಟು ಕೇಳಿ ನನಗೆ ಮೆಸೇಜ್ ಹಾಕಿ. ಸಾಲಗಾರರ ಹೆಸರು ಬೇಡ, ತಾರೀಖು ಸಾಕು. ಔರಾದ್, ಭಾಲ್ಕಿ ತಾಲೂಕಿನವರು ಮೊದಲು.