ಗಂಟಲಿನ ಆಪರೇಷನ್ ಆದ ಮೇಲೆ ‘ಕರೆಂಟ್’ ಬೇಕೆ, ಬೇಡವೆ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣದ ವೇದಿಕೆಯಲ್ಲಿ ಕಾಯಿಲೆಯ ಮಾತೇಕೆ ಎಂದು ತಾವು ಕೇಳಬಹುದು. ಆಸ್ಪತ್ರೆಯ ರಿಪೋರ್ಟನ್ನು ಓದಿಸಿ ಅರ್ಥ ಮಾಡಿಕೊಳ್ಳುವುದೂ ಶಿಕ್ಷಣವೇ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಮೊಹಲ್ಲಾಗಳನ್ನು ಬೀಡಿ, ತಂಬಾಕು ಬಿಟ್ಟಿಲ್ಲ. ಗಂಟಲು ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಬಂದವರಿಗೆ ಡಾಕ್ಟರು ರೇಡಿಯೇಷನ್ ಹೇಳಿದರೆ ಮನೆಮಂದಿಗೆಲ್ಲ ದಿಗಿಲು. “ಗಡ್ಡೆ ತೆಗೆದಾಯಿತಲ್ಲ, ಇನ್ನು ಕರೆಂಟ್ ಯಾಕೆ?” ಎನ್ನುತ್ತಾರೆ.

ಅದು ಕರೆಂಟ್ ಅಲ್ಲ, ಎಕ್ಸ್‌ರೇಯಂಥ ಬಲವಾದ ಕಿರಣ. ಕಣ್ಣಿಗೆ ಕಾಣುವ ಗಡ್ಡೆಯನ್ನು ಚಾಕು ತೆಗೆಯುತ್ತದೆ. ಕಾಣದೆ ಉಳಿದ ಕಣಗಳನ್ನು ಕಿರಣ ಕೊಲ್ಲುತ್ತದೆ. ಹಾಗೆಂದು ಎಲ್ಲರಿಗೂ ಅದು ಬೇಕಿಲ್ಲ. ತೆಗೆದ ಗಡ್ಡೆಯ ಲ್ಯಾಬ್ ರಿಪೋರ್ಟ್ ಬಂದಾಗ ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ. ಗಡ್ಡೆಯ ಅಂಚು ಶುದ್ಧವಾಗಿದೆಯೆ? ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹಬ್ಬಿದೆಯೆ, ಗ್ರಂಥಿಯ ಹೊರಪದರ ದಾಟಿದೆಯೆ? ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು?

ಗಡ್ಡೆ ಚಿಕ್ಕದಿದ್ದು, ಅಂಚು ಶುದ್ಧವಿದ್ದು, ಗ್ರಂಥಿಗೆ ಹಬ್ಬದಿದ್ದರೆ ಸಾಮಾನ್ಯವಾಗಿ ಆಪರೇಷನ್ ಸಾಕು. ತಪ್ಪದೆ ತಪಾಸಣೆಗೆ ಹೋಗಬೇಕು. ರೋಗ ಮುಂದುವರಿದಿದ್ದರೆ, ಹಲವು ಗ್ರಂಥಿಗಳಿಗೆ ಹಬ್ಬಿದ್ದರೆ ರೇಡಿಯೇಷನ್ ಬೇಕಾಗುತ್ತದೆ. ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ಗ್ರಂಥಿಯ ಹೊರಪದರ ದಾಟಿದ್ದರೆ, ದೇಹ ತಡೆದುಕೊಳ್ಳುವವರಿಗೆ ಕೀಮೋಥೆರಪಿಯನ್ನೂ ಜೊತೆಗೆ ಕೊಡುತ್ತಾರೆ. 2004ರಲ್ಲಿ ಪ್ರಕಟವಾದ ಯುರೋಪು, ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ಇದಕ್ಕೆ ಆಧಾರ.

ಯೋಚಿಸಲು ಸಮಯವಿದೆ, ಆದರೆ ಬಹಳವಿಲ್ಲ. ಆಪರೇಷನ್ನಿನ ನಂತರ ಸುಮಾರು 6 ವಾರದೊಳಗೆ ಇದು ಆರಂಭವಾಗಬೇಕು. ವಾರಕ್ಕೆ 5 ದಿನದಂತೆ 6 ವಾರ ನಡೆಯುತ್ತದೆ. ಅದಕ್ಕೂ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಬೇಗ ಮಾಯುವುದಿಲ್ಲ. ಚಿಕಿತ್ಸೆಯಲ್ಲಿ ಬಾಯಿ ಒಣಗುತ್ತದೆ, ನುಂಗಲು ನೋವು, ರುಚಿ ಹೋಗುತ್ತದೆ. ಹೆಚ್ಚಿನವು ಕ್ರಮೇಣ ಕಡಿಮೆಯಾಗುತ್ತವೆ. ಬಾಯಿ ಒಣಗುವುದು ಕೆಲವರಿಗೆ ಉಳಿಯುತ್ತದೆ. ಇದನ್ನು ಮುಚ್ಚಿಡಬಾರದು. ಆದರೆ ನೋವಿಗೆ ಹೆದರಿ ಅರ್ಧಕ್ಕೆ ಬಿಟ್ಟರೆ ಪಟ್ಟ ಕಷ್ಟವೆಲ್ಲ ವ್ಯರ್ಥವಾದೀತು.

ನಮ್ಮವರನ್ನು ನಿಜವಾಗಿ ತಡೆಯುವುದು ದೂರ ಮತ್ತು ದುಡ್ಡು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಆಸ್ಪತ್ರೆ ಬೆಂಗಳೂರಿನಲ್ಲಿ 1973ರಿಂದ ಇದೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ 6 ವಾರದ ಬಾಡಿಗೆ, ಊಟ, ಜೊತೆಗಿರುವವರ ಕಳೆದುಹೋದ ಕೂಲಿ ಯಾರು ಕೊಡಬೇಕು? ಹಕ್ಕುದಾರ ಬಡ ರೋಗಿಗೆ ನಮ್ಮ ಜಕಾತ್ ತಲುಪಲಿ.

ರೋಗಿಗೆ ರೋಜಾದಿಂದ ವಿನಾಯಿತಿ ಉಂಟು. ಗುಣವಾದ ಮೇಲೆ ಕಜಾ ಮಾಡಬಹುದು. ದುವಾ ಬೇಕು, ದವಾ ಕೂಡ ಬೇಕು. ಚಿಕಿತ್ಸೆ ಬಿಟ್ಟು ಕೂರುವುದು ತವಕ್ಕುಲ್ ಅಲ್ಲ. ಕೊನೆಯ ತೀರ್ಮಾನ ರೋಗಿಯದೇ. ಅದನ್ನು ಅವರು ಓಣಿಯ ಮಾತು ಕೇಳಿ ಮಾಡದೆ ರಿಪೋರ್ಟ್ ತಿಳಿದು ಮಾಡುವಂತೆ ಜೊತೆಗೆ ಕೂತು ಓದಿ ಹೇಳುವುದು ಓದಿದ ಮಕ್ಕಳ ಹೊಣೆ.