ಕಣ್ಣಿಗೆ ಕಾಣದ ಕಾಡಿಗೆ: ಗೆಳೆಯರ ಬರಹವನ್ನು ಗೆಳೆಯರು ಓದುವ ಬಗೆ

ಬರವಣಿಗೆಯನ್ನು ಜೀವನೋಪಾಯವಾಗಿ ಮಾಡಿಕೊಳ್ಳದೆ, ನೌಕರಿ, ಬೇಸಾಯ, ಮನೆಗೆಲಸಗಳ ನಡುವೆ ಬಿಡುವು ಮಾಡಿಕೊಂಡು ಕವನವನ್ನೋ ಕಥೆಯನ್ನೋ ಬರೆಯುವವರನ್ನು ಹವ್ಯಾಸಿ ಬರಹಗಾರರೆಂದು ಕರೆಯುವುದು ರೂಢಿ. ಅವರ ಹಸ್ತಪ್ರತಿಗೆ ದೊರೆಯುವ ಮೊದಲ ಓದುಗರು ಸಾಮಾನ್ಯವಾಗಿ ವಿಮರ್ಶಕರೂ ಅಲ್ಲ, ಸಂಪಾದಕರೂ ಅಲ್ಲ. ಅವರಂತೆಯೇ ಬರೆಯುವ ಗೆಳೆಯರು. ಈ ಮೊದಲ ಓದು ಹೇಗಿರಬೇಕೆಂಬ ಪ್ರಶ್ನೆ ಸಣ್ಣದೆಂದು ತೋರಬಹುದಾದರೂ, ಕನ್ನಡದಲ್ಲಿ ಇಂದು ದೊರೆತಿರುವ ಮೊದಲ ಗ್ರಂಥವೇ ಅದನ್ನು ಎತ್ತಿಕೊಂಡಿದೆ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು, ಕಣ್ಣು ತನಗೇ ಹಚ್ಚಿದ ಕಾಡಿಗೆಯನ್ನು ಕಾಣಲಾರದಂತೆ ಕವಿಯು ತನ್ನ ಕಾವ್ಯದ ದೋಷವನ್ನು ತಾನು ಕಾಣಲಾರನೆಂದೂ, ಆದ್ದರಿಂದ ಒಳ್ಳೆಯ ಕವಿಯು ಅದನ್ನು ಇತರರಿಗೆ ತೋರಿಸಬೇಕೆಂದೂ ಹೇಳುತ್ತದೆ. ಈ ಹೋಲಿಕೆಯ ಸೌಜನ್ಯವನ್ನು ಗಮನಿಸಬೇಕು. ಇಲ್ಲಿ ಕವಿಯ ಬುದ್ಧಿಮಾಂದ್ಯವನ್ನಾಗಲಿ ಅಹಂಕಾರವನ್ನಾಗಲಿ ದೂರಿಲ್ಲ. ಕಾಡಿಗೆಯು ಕಾಣದಿರುವುದಕ್ಕೆ ಕಾರಣ ಅದು ಕಣ್ಣಿಗೆ ಅತಿ ಹತ್ತಿರದಲ್ಲಿರುವುದು, ಅಷ್ಟೇ. ಎದುರಿಗೆ ಕುಳಿತವರಿಗೆ ಅದು ಕಾಣುವುದು ಅವರು ಹೆಚ್ಚು ಜಾಣರೆಂಬುದರಿಂದಲ್ಲ, ಅವರು ಎದುರಿಗಿದ್ದಾರೆಂಬುದರಿಂದ. ಗೆಳೆಯರ ಬರಹಕ್ಕೆ ಅಭಿಪ್ರಾಯ ಹೇಳುವವರ ಅಧಿಕಾರವೂ ಇಷ್ಟೇ, ಇದಕ್ಕಿಂತ ದೊಡ್ಡದಲ್ಲ.

ಸಂಸ್ಕೃತದ ‘ಕಾವ್ಯಮೀಮಾಂಸೆ’ಯಲ್ಲಿ ರಾಜಶೇಖರನು ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದ್ದಾನೆ: ಕಾವ್ಯವನ್ನು ಮಾಡಿಸುವ ಶಕ್ತಿ ಕಾರಯಿತ್ರಿ, ಕಾವ್ಯವನ್ನು ಅರಿತು ಅನುಭವಿಸುವ ಶಕ್ತಿ ಭಾವಯಿತ್ರಿ. ಓದುವುದನ್ನೂ ಪ್ರತಿಭೆಯೆಂದೇ ಎಣಿಸಿದ ಈ ಶಾಸ್ತ್ರಕಾರನು ಓದುಗರಲ್ಲಿ ನಾಲ್ಕು ಬಗೆಯವರನ್ನು ಹೆಸರಿಸುತ್ತಾನೆ. ಏನೂ ರುಚಿಸದವನು ಅರೋಚಕಿ; ಹೊಟ್ಟೆಕಿಚ್ಚಿನಿಂದ ಗುಣವನ್ನು ಮುಚ್ಚಿಡುವವನು ಮತ್ಸರಿ; ಕಾವ್ಯದ ತತ್ತ್ವದಲ್ಲಿ ಮನಸ್ಸು ನೆಟ್ಟವನು ತತ್ತ್ವಾಭಿನಿವೇಶಿ. ಇವರಲ್ಲದೆ ಸತೃಣಾಭ್ಯವಹಾರಿ, ಅಂದರೆ ಅನ್ನದೊಡನೆ ಹುಲ್ಲನ್ನೂ ಬಿಡದೆ ತಿನ್ನುವವನು, ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲದೆ ಎಲ್ಲವನ್ನೂ ಮೆಚ್ಚುವವನು ಒಬ್ಬನಿದ್ದಾನೆ. ಕನ್ನಡದ ಹವ್ಯಾಸಿ ಬಳಗಗಳಲ್ಲಿ ಇಂದು ಹೆಚ್ಚಾಗಿರುವವರು ಮತ್ಸರಿಗಳಲ್ಲ, ಈ ಕೊನೆಯವರು. ಕವಿಗೋಷ್ಠಿಯಲ್ಲಿ ಪ್ರತಿ ಪದ್ಯದ ಕೊನೆಗೂ ಒಂದೇ ತೂಕದ ಚಪ್ಪಾಳೆ, ಪ್ರತಿ ಕಥೆಗೂ ‘ತುಂಬಾ ಚೆನ್ನಾಗಿದೆ’ ಎಂಬ ಒಂದೇ ಮಾತು ದೊರೆಯುವಾಗ, ಬರೆದವರು ತಮ್ಮ ಯಾವ ಸಾಲು ಉಳಿಯತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬುದನ್ನು ತಿಳಿಯದೆಯೇ ಮನೆಗೆ ಹಿಂದಿರುಗುತ್ತಾರೆ. ನಿಷ್ಠುರವಾದ ಮಾತಿನಿಂದ ಆಗುವ ನೋವು ಕಣ್ಣಿಗೆ ಕಾಣುತ್ತದೆ. ಈ ಪೊಳ್ಳು ಮೆಚ್ಚುಗೆಯಿಂದ ಆಗುವ ನಷ್ಟ ಕಾಣುವುದಿಲ್ಲವಾದ್ದರಿಂದ ಅದನ್ನೇ ಸ್ನೇಹವೆಂದು ಭ್ರಮಿಸಲಾಗಿದೆ.

ಸ್ನೇಹದ ಓದು ಏನು ಮಾಡಬೇಕೆಂಬುದಕ್ಕೂ ರಾಜಶೇಖರನಲ್ಲಿ ಉತ್ತರವಿದೆ. ಕವಿಯ ದಿನಚರಿಯನ್ನು ವಿವರಿಸುವಾಗ ಅವನು ಹಗಲಿನ ನಾಲ್ಕನೆಯ ಜಾವವನ್ನು, ಅಂದು ಬೆಳಿಗ್ಗೆ ಬರೆದುದನ್ನು ಒಬ್ಬನೇ ಆಗಲಿ ಕೆಲವೇ ಜನರ ಕೂಟದಲ್ಲಾಗಲಿ ಪರೀಕ್ಷಿಸುವುದಕ್ಕೆ ಮೀಸಲಿಡುತ್ತಾನೆ. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ದೃಷ್ಟಿ ಇರುವುದಿಲ್ಲವೆಂಬುದು ಅವನು ಕೊಡುವ ಕಾರಣ. ಹೆಚ್ಚಾದುದನ್ನು ಬಿಡುವುದು, ಕಡಿಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು, ಇವು ಆ ಪರೀಕ್ಷೆಯ ಕೆಲಸಗಳು. ಒಳ್ಳೆಯದು, ಕೆಟ್ಟದ್ದು ಎಂಬ ತೀರ್ಪು ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲದಿರುವುದು ಗಮನಾರ್ಹ.

ಭಾಮಿನಿ ಷಟ್ಪದಿಯಲ್ಲಿ ಬರೆಯಲೆತ್ನಿಸಿದ ಗೆಳೆಯರೊಬ್ಬರ ಪದ್ಯವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲಕ್ಕೆ ಮಾತ್ರೆಯೆಂದು ಹೆಸರು. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಬಳಿಕ ಒಂದು ಬಂದು, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳೂ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆಗಳೂ ಆಗುತ್ತವೆ. ಎರಡನೆಯ ಸಾಲಿನಲ್ಲಿ 15 ಮಾತ್ರೆಗಳಿದ್ದರೆ ‘ಲಯ ಸರಿಯಾಗಿಲ್ಲ’ ಎನ್ನುವುದು ತೀರ್ಪು. ಆ ಸಾಲನ್ನು ಗಟ್ಟಿಯಾಗಿ ಓದಿ, ನಾಲಿಗೆ ಎಡವುವ ಪದವನ್ನು ಬೆರಳಿಟ್ಟು ತೋರಿಸುವುದು ನೆರವು. ಬದಲಿ ಪದವನ್ನು ಕೇಳದೆ ಕೊಡಬಾರದು. ಕೊಟ್ಟ ಪದ ಎಷ್ಟೇ ಸೊಗಸಾಗಿದ್ದರೂ ಅದು ಓದಿದವರ ಪದ್ಯದ್ದೇ ಹೊರತು ಬರೆದವರದಲ್ಲ.

ಕಥೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಭಾಷೆಯೇ ತಿದ್ದುಪಡಿಗೆ ಗುರಿಯಾಗುತ್ತದೆ. ಧಾರವಾಡದ ಅಜ್ಜಿಯೊಬ್ಬಳು ‘ಹೊಕ್ಕೇನಿ’ ಎನ್ನಬೇಕಾದಲ್ಲಿ ‘ಹೋಗ್ತೀನಿ’ ಎಂದರೆ ಅದನ್ನು ಎತ್ತಿ ತೋರಿಸಬೇಕಾದದ್ದು ಸರಿ. ಆದರೆ ‘ಹೊಕ್ಕೇನಿ’ಯನ್ನು ಅಶುದ್ಧವೆಂದು ಹೊಡೆದು ‘ಹೋಗುತ್ತೇನೆ’ ಎಂದು ಬರೆಯುವುದು ತಿದ್ದುಪಡಿಯಲ್ಲ, ಅನ್ಯಾಯ. ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವನ್ನು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರವಾದೀತೆಂದು ಶ್ರೀವಿಜಯನೇ ಒಪ್ಪಿಕೊಂಡಿದ್ದಾನೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಗ್ರಂಥಭಾಷೆಗೆ ತಿದ್ದಿಬಿಟ್ಟಿದ್ದರೆ ಆ ಕೃತಿಯೇ ಉಳಿಯುತ್ತಿರಲಿಲ್ಲ.

ಅಭಿಪ್ರಾಯವು ಕಠಿಣವಾಗಿಯೂ ಸ್ನೇಹದ್ದಾಗಿರಬಹುದೆಂಬುದಕ್ಕೆ ಕನ್ನಡದಲ್ಲಿ ದೊಡ್ಡ ನಿದರ್ಶನವೊಂದಿದೆ. ಯುವಕ ಕುವೆಂಪು 1924ರಲ್ಲಿ ತಮ್ಮ ಇಂಗ್ಲಿಷ್ ಕವನಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಿದಾಗ, ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಸೂಚಿಸಿದರು. ಆ ಮಾತು ಕವನಗಳನ್ನು ಬದಿಗೆ ಸರಿಸಿತು, ಕವಿಯನ್ನಲ್ಲ. ಆದರೆ ಹಿರಿಯರಿಂದ ದೊರೆಯುವ ಇಂಥ ಸೂಚನೆ ಅಪರೂಪದ್ದು; ಎಲ್ಲರಿಗೂ ಎಟುಕುವುದು ಸಮಾನರ ಕೂಟವೇ. ಅದೇ ದಶಕದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಕೂಡಿಕೊಂಡು, ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮುಂತಾದವರನ್ನು ಒಳಗೊಂಡ ಬಳಗವು ಸಂಘವೆಂದಾಗಲಿ ಪರಿಷತ್ತೆಂದಾಗಲಿ ಕರೆಸಿಕೊಳ್ಳದೆ ‘ಗೆಳೆಯರ ಗುಂಪು’ ಎಂಬ ಹೆಸರನ್ನೇ ಇಟ್ಟುಕೊಂಡಿತು. ಬರವಣಿಗೆಗೆ ಗೆಳೆತನವೇ ನೆಲೆಯೆಂಬ ನಂಬಿಕೆಯನ್ನು ಆ ಹೆಸರು ಬಹಿರಂಗವಾಗಿ ಸಾರಿತ್ತು.

ಈ ಸಭೆಯಲ್ಲಿರುವವರಲ್ಲಿ ಯಾರ ಮೇಜಿನ ಮೇಲಾದರೂ ಗೆಳೆಯರೊಬ್ಬರ ಹಸ್ತಪ್ರತಿ ಓದದೆ ಉಳಿದಿದ್ದರೆ, ಈ ವಾರವೇ ಅದನ್ನು ತೆರೆದು, ಒಮ್ಮೆ ಮೌನವಾಗಿಯೂ ಒಮ್ಮೆ ಗಟ್ಟಿಯಾಗಿಯೂ ಓದಿ, ಮೆಚ್ಚಿದ ಸಾಲಿನ ಪಕ್ಕದಲ್ಲಿಯೂ ಎಡವಿದ ಪದದ ಕೆಳಗೂ ಪೆನ್ಸಿಲಿನಿಂದ ಗುರುತು ಮಾಡಿ, ಬರೆದವರ ಮನೆಗೆ ತಾವೇ ಹೋಗಿ ಹಿಂದಿರುಗಿಸಬೇಕೆಂದು ಕೋರಿಕೆ.